ಹೊರಗೆ ಹುರುಪೆ, ಒಳಗೆ ಹೃದಯ: ಇವೆರಡಕ್ಕೂ ಏನು ಸಂಬಂಧ?

ಪ್ರಶ್ನೆ: ನನ್ನ ಮಗ ಒಂಬತ್ತನೇ ಕ್ಲಾಸು. ಬೆನ್ನೆಲುಬಿನ ಪ್ರಾಣಿಗಳ ಪಾಠದಲ್ಲಿ ಒಂದು ಕೋಷ್ಟಕ ಕೊಟ್ಟಿದ್ದಾರೆ. ಮೀನಿಗೆ ಹುರುಪೆ, ಕಿವಿರು, ಎರಡು ಕೋಣೆಯ ಹೃದಯ. ಕಪ್ಪೆಗೆ ಒದ್ದೆ ಚರ್ಮ, ಮೂರು ಕೋಣೆ. ಹಾವು, ಹಲ್ಲಿಗೆ ಒಣ ಹುರುಪೆ, ಮೂರು ಕೋಣೆ. ಮೊಸಳೆಗೆ ಮಾತ್ರ ನಾಲ್ಕು. ಹಕ್ಕಿಗೆ ಗರಿ, ನಾಲ್ಕು ಕೋಣೆ. ಸಸ್ತನಿಗೆ ಕೂದಲು, ನಾಲ್ಕು ಕೋಣೆ. ಇವತ್ತು ಬಾಯಿಪಾಠ ಒಪ್ಪಿಸುತ್ತಾನೆ, ನಾಳೆ ಮರೆಯುತ್ತಾನೆ. ಮೈಮೇಲಿನ ಹೊದಿಕೆಗೂ ಒಳಗಿನ ಅಂಗಗಳಿಗೂ ನಿಜಕ್ಕೂ ಸಂಬಂಧ ಇದೆಯಾ, ಅಥವಾ ಸುಮ್ನೆ ಪಕ್ಕಪಕ್ಕ ಬರೆದಿದ್ದಾರಾ? ಮೈತುಂಬ ಹುರುಪೆ ಇರುವ ಚಿಪ್ಪುಹಂದಿ ಸಸ್ತನಿ ಹೇಗಾಯಿತು? ಮೊಸಳೆಗೊಂದಕ್ಕೇ ಯಾಕೆ ನಾಲ್ಕು ಕೋಣೆ? ಪರೀಕ್ಷೆಯಲ್ಲಿ ಬಂದರೆ ಏನು ಬರೆಯಬೇಕು?
– ಓದುಗರೊಬ್ಬರು, ಸಾಗರ

ಉತ್ತರ: ಸಂಬಂಧ ಇದೆ ಮೇಡಂ, ಗಟ್ಟಿ ಸಂಬಂಧವೇ ಇದೆ. ಕೋಷ್ಟಕದಲ್ಲಿ ತಪ್ಪಿಲ್ಲ. ಅದನ್ನು ಮೇಲಿಂದ ಕೆಳಕ್ಕೆ ಓದಿಸುವುದರಲ್ಲಿ ತೊಂದರೆ ಇದೆ. ಮೊದಲು ಎಲ್ಲರ ಹೊದಿಕೆ, ಆಮೇಲೆ ಎಲ್ಲರ ಹೃದಯ, ಆಮೇಲೆ ಎಲ್ಲರ ಉಸಿರಾಟ. ಹಾಗೆ ಓದಿದರೆ ಯಾರಿಗಾದರೂ ಮರೆತೇ ಹೋಗುತ್ತದೆ. ಅಡ್ಡಕ್ಕೆ ಓದಿಸಿ ನೋಡಿ. ಒಂದು ಸಾಲು ಅಂದರೆ ಒಂದು ಪ್ರಾಣಿ. ಅದರ ಚರ್ಮ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಗೊತ್ತಾದರೆ ಒಳಗೆ ಏನಿರಬೇಕು ಎಂಬುದನ್ನು ಅರ್ಧಕ್ಕರ್ಧ ಊಹಿಸಬಹುದು.

ಚರ್ಮವೂ ಒಂದು ಅಂಗವೇ. ನೀರನ್ನು ಬಿಡಬೇಕಾ ತಡೆಯಬೇಕಾ, ಗಾಳಿಯನ್ನು ಒಳಗೆ ತಗೋಬೇಕಾ ಬೇಡವಾ, ಮೈಯ ಬಿಸಿಯನ್ನು ಹಿಡಿದಿಡಬೇಕಾ ಹೊರಗೆ ಹಾಕಬೇಕಾ, ಇವೆಲ್ಲ ತೀರ್ಮಾನವಾಗುವುದು ಅಲ್ಲಿ. ಮನೆಯಲ್ಲಿ ಒಬ್ಬರು ಒಂದು ಕೆಲಸ ಕೈಬಿಟ್ಟರೆ ಅದು ಇನ್ನೊಬ್ಬರ ತಲೆಮೇಲೆ ಬೀಳುತ್ತದಲ್ವಾ, ಮೈಯಲ್ಲೂ ಹಾಗೇ ಆಗುತ್ತದೆ. ಚರ್ಮ ಉಸಿರಾಡುವುದನ್ನು ನಿಲ್ಲಿಸಿದರೆ ಶ್ವಾಸಕೋಶ ಆ ಹೊಣೆಯನ್ನು ಪೂರ್ತಿ ಹೊರಬೇಕು. ಚರ್ಮ ಬಿಸಿಯನ್ನು ಹಿಡಿದಿಡುತ್ತೇನೆ ಅಂದರೆ ಆ ಬಿಸಿ ಹುಟ್ಟಿಸಲು ಬೇಕಾದ ಆಮ್ಲಜನಕವನ್ನು ಹೃದಯ ಹೊತ್ತು ತರಬೇಕು.

ಮೊದಲು ಚಿಪ್ಪುಹಂದಿಯ ವಿಷಯ ಮುಗಿಸೋಣ. ಹುರುಪೆ ಇದ್ದ ಪ್ರಾಣಿಗಳೆಲ್ಲ ಒಂದೇ ಬಗೆ ಅಂದುಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುವುದು. ಇದಕ್ಕೆ ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು, ಒಂದು ಭೂತಗನ್ನಡಿ ಇದ್ದರೆ ಸಾಕು.

ಮೀನಿನ ಅಂಗಡಿಯಿಂದ ರೋಹು ಅಥವಾ ಕಾಟ್ಲಾದ ನಾಲ್ಕು ಹುರುಪೆ ಕೇಳಿ ತನ್ನಿ. ಅಂಗಡಿಯವರು ಹೇಗೂ ಕೆರೆದು ಬಿಸಾಡುತ್ತಾರೆ. ತೊಳೆದು ಬೆಳಕಿಗೆ ಹಿಡಿದರೆ ಒಳಗೊಳಗೇ ಸುತ್ತು ಗೆರೆಗಳು ಕಾಣುತ್ತವೆ. ಮೀನು ಬೆಳೆದಂತೆ ಹುರುಪೆಯೂ ಬೆಳೆದ ಗುರುತು ಅವು. ಚಳಿ ದೇಶಗಳಲ್ಲಿ ಈ ಗೆರೆ ನೋಡಿಯೇ ಮೀನಿನ ವಯಸ್ಸು ಹೇಳುತ್ತಾರೆ. ನಮ್ಮ ಕಡೆ ವರ್ಷವಿಡೀ ನೀರು ಬೆಚ್ಚಗಿರುವುದರಿಂದ ಗೆರೆ ಅಷ್ಟು ಸ್ಪಷ್ಟವಾಗಿ ಬೀಳುವುದಿಲ್ಲ. ಹುರುಪೆಯ ಒಂದು ಬದಿ ನುಣುಪಾಗಿ, ಇನ್ನೊಂದು ಬದಿ ಸ್ವಲ್ಪ ಬಣ್ಣ ಹತ್ತಿದಂತಿರುತ್ತದೆ. ನುಣುಪು ಬದಿ ಚರ್ಮದೊಳಗಿನ ಪುಟ್ಟ ಚೀಲದಲ್ಲಿ ಹೂತಿತ್ತು. ಅಂದರೆ ಮೀನಿನ ಹುರುಪೆ ಹುಟ್ಟುವುದು ಒಳಚರ್ಮದಲ್ಲಿ. ಅದು ಎಲುಬಿನ ಜಾತಿಯ ವಸ್ತು. ಅದರ ಮೇಲೆ ತೆಳುವಾದ ಜೀವಂತ ಚರ್ಮ, ಅದರ ಮೇಲೆ ಲೋಳೆ. ಮೀನು ಕೈಯಿಂದ ಜಾರುವುದು ಆ ಲೋಳೆಯಿಂದ.

ಶಾರ್ಕ್ ಮತ್ತು ಚಪ್ಪಟೆ ಮೈಯ ತೊರಕೆ ಮೀನಿನದ್ದು ಇನ್ನೊಂದು ಬಗೆ. ಕರಾವಳಿಯವರಿಗೆ ಗೊತ್ತಿರುತ್ತದೆ, ಶಾರ್ಕಿನ ಮೈಯನ್ನು ತಲೆಯಿಂದ ಬಾಲದ ಕಡೆ ಸವರಿದರೆ ನಯ, ಬಾಲದಿಂದ ತಲೆ ಕಡೆ ಸವರಿದರೆ ಕೈ ತರಚುತ್ತದೆ. ಅಲ್ಲಿರುವುದು ಸಾವಿರಾರು ಪುಟ್ಟ ಹಲ್ಲುಗಳು. ಮಾತಿಗೆ ಹೇಳುತ್ತಿಲ್ಲ. ನಮ್ಮ ಹಲ್ಲಿನಲ್ಲಿ ಇರುವ ಹಾಗೆಯೇ ಒಳಗೆ ತಿರುಳು, ಸುತ್ತ ದಂತದ್ರವ್ಯ, ಮೇಲೆ ಗಟ್ಟಿ ಲೇಪ ಅದರಲ್ಲೂ ಇದೆ. ತೊರಕೆಯ ಬಾಲದ ಮುಳ್ಳು ಕೂಡ ಇಂಥದೇ ಒಂದು ಹುರುಪೆ ಬೆಳೆದು ದೊಡ್ಡದಾದದ್ದು.

ಇನ್ನು ಹಾವಿನ ಪೊರೆ. ಸಾಗರದಲ್ಲಿ ಇದನ್ನು ಹುಡುಕಲು ಕಷ್ಟಪಡಬೇಕಿಲ್ಲ, ಕಲ್ಲು ಕಟ್ಟಿದ ಕಾಂಪೌಂಡಿನ ಸಂದಿಯಲ್ಲಿ ಸಿಗುತ್ತದೆ. ಕೈಗೆತ್ತಿಕೊಂಡು ಒಂದು ಹುರುಪೆಯನ್ನು ಬಿಡಿಸಲು ಹೇಳಿ ಮಗನಿಗೆ. ಆಗುವುದಿಲ್ಲ. ಮೀನಿನ ಹಾಗೆ ಬಿಡಿಬಿಡಿ ತುಂಡುಗಳಲ್ಲ ಅವು, ಒಂದೇ ಹಾಳೆಯ ಮಡಿಕೆಗಳು. ಹೊರಚರ್ಮ ಸತ್ತು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ಆಗಿದೆ, ಅಷ್ಟೆ. ಅದಕ್ಕೇ ಹಾವು ಅದನ್ನು ಇಡಿಯಾಗಿ, ಒಳಹೊರಗು ತಿರುಗಿಸಿ ಕಳಚಿ ಹೋಗುತ್ತದೆ. ಕಣ್ಣಿನ ಜಾಗ ನೋಡಿ. ತೂತು ಇರುವುದಿಲ್ಲ, ದುಂಡನೆಯ ಪಾರದರ್ಶಕ ಮುಚ್ಚಳ ಇರುತ್ತದೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೂ ಒಂದು ಹುರುಪೆ ಇದೆ, ಪೊರೆ ಬಿಡುವಾಗ ಅದೂ ಬದಲಾಗುತ್ತದೆ. ನಾಟಿ ಕೋಳಿಯ ಕಾಲಿನ ಮೇಲಿನ ಹುರುಪೆಯೂ ಹೊರಚರ್ಮದ್ದೇ, ಹಾವಿನ ಗುಂಪಿಗೆ ಹತ್ತಿರದ್ದು.

ಚಿಪ್ಪುಹಂದಿಯ ಚಿಪ್ಪು ಇವ್ಯಾವುದೂ ಅಲ್ಲ. ಅದೂ ಕೆರಾಟಿನ್ನೇ, ಆದರೆ ನಮ್ಮ ಉಗುರಿನ, ಕೂದಲಿನ ಬಗೆಯ ಕೆರಾಟಿನ್. ಘಟ್ಟದ ಕಾಡಿನ ಈ ಪ್ರಾಣಿಯನ್ನು ಹತ್ತಿರದಿಂದ ನೋಡಿದರೆ ಚಿಪ್ಪುಗಳ ಸಂದಿಯಲ್ಲಿ ಒರಟು ಕೂದಲು ಕಾಣುತ್ತದೆ, ಹೊಟ್ಟೆಯ ಮೇಲೆ ಚಿಪ್ಪೇ ಇಲ್ಲ. ಮರಿ ಹಾಕುತ್ತದೆ, ಹಾಲೂಡಿಸುತ್ತದೆ, ವಪೆ (ಎದೆ, ಹೊಟ್ಟೆಗಳ ನಡುವೆ ಉಸಿರೆಳೆಯುವ ಸ್ನಾಯುವಿನ ಪರದೆ) ಇದೆ, ನಾಲ್ಕು ಕೋಣೆಯ ಹೃದಯ ಇದೆ. ಒಂದು ಪ್ರಾಣಿ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ವಂಶ ಹೇಳುತ್ತದೆ, ಮೇಲಿನ ಹೊದಿಕೆ ಅಲ್ಲ. ಆ ಚಿಪ್ಪಿನಲ್ಲಿ ಔಷಧ ಇದೆ ಎಂದು ನಂಬಿ ಈ ಪಾಪದ ಪ್ರಾಣಿಯನ್ನು ಕೊಂದು ಮುಗಿಸುತ್ತಿದ್ದಾರೆ. ಉಗುರು ಕತ್ತರಿಸಿ ಕುದಿಸಿ ಕುಡಿದರೂ ಅದೇ ಸಿಗುತ್ತದೆ, ಅಂದರೆ ಏನೂ ಇಲ್ಲ. 2016ರಲ್ಲಿ ಜಗತ್ತಿನ ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ತೀರ್ಮಾನ ಆಯಿತು. ಕಳ್ಳಸಾಗಣೆ ನಿಂತಿಲ್ಲ.

ಹಾಗಾದರೆ ಹಾವಿನ ಹುರುಪೆ, ಹಕ್ಕಿಯ ಗರಿ, ನಮ್ಮ ಕೂದಲು ಬೇರೆಬೇರೆಯಾಗಿ ಹುಟ್ಟಿದವಾ? ಬಹಳ ಕಾಲ ಹಾಗೇ ಅಂದುಕೊಂಡಿದ್ದರು. 2016ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಮೊಸಳೆ, ಹಾವು, ಹಲ್ಲಿಗಳ ಭ್ರೂಣಗಳಲ್ಲಿ ಒಂದು ಸಣ್ಣ ಉಬ್ಬನ್ನು ತೋರಿಸಿದರು. ಗರಿ ಮತ್ತು ಕೂದಲು ಹುಟ್ಟುವ ಮೊದಲು ಹೊರಚರ್ಮದಲ್ಲಿ ಏಳುವ ಅದೇ ಬಗೆಯ ಉಬ್ಬು ಅದು. ಹುಟ್ಟಿನಿಂದಲೇ ಹುರುಪೆ ಇಲ್ಲದ ಒಂದು ಬಗೆಯ ಓತಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಇಡಿಎ ಎಂಬ ಜೀನ್ ಕೆಟ್ಟಿತ್ತು. ಮನುಷ್ಯರಲ್ಲಿ ಇದೇ ಜೀನ್ ಕೆಟ್ಟರೆ ಕೂದಲು ವಿರಳ, ಹಲ್ಲು ಕೆಲವೇ, ಬೆವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಂಥದೇ ಒಂದು ಕುಟುಂಬದ ಬಗ್ಗೆ ಡಾರ್ವಿನ್ ಬರೆದಿದ್ದಾನೆ. ಸಿಂಧ್ ಪ್ರಾಂತ್ಯದ ಹಿಂದೂ ಕುಟುಂಬ ಅದು. ನಾಲ್ಕು ತಲೆಮಾರಿನಲ್ಲಿ ಹತ್ತು ಗಂಡಸರಿಗೆ ಹಲ್ಲು ಕೆಲವೇ ಕೆಲವು, ಮೈಯಲ್ಲಿ ಕೂದಲು ಇಲ್ಲದಷ್ಟು ಕಡಿಮೆ, ಬೇಸಿಗೆಯಲ್ಲಿ ಚರ್ಮ ಒಣಗಿ ಒದ್ದಾಟ. ಒಂದು ಜೀನಿನ ಎಡವಟ್ಟು ಓತಿಯ ಹುರುಪೆಯಲ್ಲೂ ಮನುಷ್ಯನ ಹಲ್ಲಿನಲ್ಲೂ ಕಾಣುತ್ತದೆ ಅಂದರೆ ಇವುಗಳ ಬೇರು ಎಷ್ಟು ಹಳೆಯದು ನೋಡಿ.

ಈಗ ಸಾಲುಸಾಲಾಗಿ ಹೋಗೋಣ.

ಮೀನಿನ ಮೈ ಸುತ್ತ ಸದಾ ನೀರು. ಒಣಗುವ ಭಯ ಇಲ್ಲ. ನೀರಿನಿಂದ ಆಮ್ಲಜನಕ ತೆಗೆಯುವ ಕೆಲಸ ಕಿವಿರಿಗೆ ಬಿಟ್ಟಿದೆ, ಹಾಗಾಗಿ ಮೈಗೆ ಗಟ್ಟಿ ಹುರುಪೆ ಹೊದ್ದುಕೊಳ್ಳಬಹುದು. ಹೃದಯ ರಕ್ತವನ್ನು ಮೊದಲು ಕಿವಿರಿಗೆ ತಳ್ಳುತ್ತದೆ, ಅಲ್ಲಿಂದ ಅದು ನೇರ ಮೈಗೆಲ್ಲ ಹರಿದು ವಾಪಸ್ ಬರುತ್ತದೆ. ಒಂದೇ ಸುತ್ತು. ಅದಕ್ಕೆ ಬರುವ ರಕ್ತ ಇಳಿಸುವ ಒಂದು ಕೋಣೆ, ತಳ್ಳುವ ಒಂದು ಕೋಣೆ ಸಾಕು. ಕಿವಿರಿನ ಸಣ್ಣ ನಾಳಗಳಲ್ಲಿ ಒತ್ತಡ ಇಳಿದುಹೋಗುತ್ತದೆ ಎಂಬುದೊಂದು ಕೊರತೆ. ಆದರೂ ಈ ಎರಡು ಕೋಣೆಯಲ್ಲೇ ಟ್ಯೂನಾ ಮೀನು ಸಮುದ್ರ ದಾಟುವಷ್ಟು ಈಜುತ್ತದೆ, ತನ್ನ ಈಜುವ ಸ್ನಾಯುಗಳನ್ನು ಸುತ್ತಲಿನ ನೀರಿಗಿಂತ ಬೆಚ್ಚಗೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಎರಡಕ್ಕಿಂತ ಮೂರು ಮೇಲು, ಮೂರಕ್ಕಿಂತ ನಾಲ್ಕು ಮೇಲು ಎಂಬ ಮೆಟ್ಟಿಲಿನ ಲೆಕ್ಕವನ್ನು ದಯವಿಟ್ಟು ಮಗನ ತಲೆಯಿಂದ ತೆಗೆಸಿ. ಎಷ್ಟೋ ಗೈಡುಗಳಲ್ಲಿ ಅದನ್ನೇ ಬರೆದಿರುತ್ತಾರೆ, ನನಗೆ ಕಂಡರೆ ಆಗುವುದಿಲ್ಲ.

ಮೀನುಗಳಲ್ಲೇ ಒಂದು ವಿಚಿತ್ರ ಇದೆ. ಅಂಟಾರ್ಕ್‌ಟಿಕಾದ ಸಮುದ್ರದಲ್ಲಿ ಐಸ್‌ಫಿಶ್ ಎಂಬ ಮೀನುಗಳಿವೆ. ಅವುಗಳ ರಕ್ತ ಕೆಂಪಲ್ಲ, ನೀರಿನಂತೆ ತಿಳಿ. ಹಿಮೋಗ್ಲೋಬಿನ್ನೇ ಇಲ್ಲ. ನಾರ್ವೆಯ ಯೊಹಾನ್ ರೂಡ್ 1954ರಲ್ಲಿ ಇದನ್ನು ಪ್ರಕಟಿಸುವ ತನಕ ಮೀನುಗಾರರ ಮಾತನ್ನು ವಿಜ್ಞಾನಿಗಳು ನಂಬಿರಲಿಲ್ಲ. ಅಷ್ಟು ತಣ್ಣನೆಯ ನೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗಿರುತ್ತದೆ, ಅದು ರಕ್ತದಲ್ಲಿ ಹಾಗೇ ಕರಗಿ ಸಾಗುತ್ತದೆ. ಆದರೆ ಹಿಮೋಗ್ಲೋಬಿನ್ ಹೊರುತ್ತಿದ್ದ ಹೊರೆ ಈಗ ಯಾರ ಮೇಲೆ ಬಿತ್ತು? ಹೃದಯದ ಮೇಲೆ. ಅದೇ ಗಾತ್ರದ ಬೇರೆ ಮೀನುಗಳಿಗಿಂತ ಐಸ್‌ಫಿಶ್‌ನ ಹೃದಯ ತುಂಬ ದೊಡ್ಡದು, ರಕ್ತದ ಪ್ರಮಾಣವೂ ಜಾಸ್ತಿ. ಚರ್ಮವೂ ಸ್ವಲ್ಪ ಕೈಜೋಡಿಸುತ್ತದೆ. ಈ ಮೀನಿಗೆ ಹುರುಪೆ ಇಲ್ಲ, ಬರಿಮೈಯಿಂದ ಒಂದಿಷ್ಟು ಆಮ್ಲಜನಕ ಒಳಗೆ ಹೋಗುತ್ತದೆ.

ಕಪ್ಪೆಯ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಇಡೀ ಕೋಷ್ಟಕದಲ್ಲಿ ಚರ್ಮಕ್ಕೂ ಹೃದಯಕ್ಕೂ ಇರುವ ನಂಟು ಇಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ಕಪ್ಪೆಯ ಚರ್ಮ ತೆಳ್ಳಗೆ, ಒದ್ದೆ, ಅದರಡಿಯಲ್ಲಿ ರಕ್ತನಾಳಗಳ ಜಾಲ. ಅದು ಬಾಯಿಂದ ನೀರು ಕುಡಿಯುವುದಿಲ್ಲ, ಒದ್ದೆ ನೆಲಕ್ಕೆ ಹೊಟ್ಟೆ ಒತ್ತಿ ಕೂತು ಚರ್ಮದಿಂದಲೇ ಹೀರುತ್ತದೆ. ಇಂಗಾಲದ ಡೈಆಕ್ಸೈಡಿನ ಹೆಚ್ಚಿನ ಪಾಲು ಹೊರಹೋಗುವುದೂ ಚರ್ಮದಿಂದಲೇ. ಶ್ವಾಸಕೋಶ ಇದೆ, ಆದರೆ ಗಾಳಿ ಎಳೆಯಲು ಪಕ್ಕೆಲುಬಿನ ಗೂಡಿಲ್ಲ, ವಪೆ ಇಲ್ಲ. ಗಂಟಲು ಪುಟಪುಟ ಬಡಿಯುವುದನ್ನು ನೋಡಿರುತ್ತೀರಿ. ಬಾಯೊಳಗೆ ಗಾಳಿ ತುಂಬಿಕೊಂಡು ಕೆಳಗೆ ನುಂಗಿದ ಹಾಗೆ ತಳ್ಳುವ ಉಸಿರಾಟ ಅದು.

ಈಗ ಹೃದಯ. ಬರುವ ರಕ್ತ ಇಳಿಸುವ ಮೇಲಿನ ಕೋಣೆ ಹೃತ್ಕರ್ಣ, ಅದು ಎರಡು; ತಳ್ಳುವ ಕೆಳಗಿನ ಕೋಣೆ ಹೃತ್ಕುಕ್ಷಿ, ಅದು ಒಂದೇ. ಶ್ವಾಸಕೋಶದಿಂದ ಬಂದ ಒಳ್ಳೆ ರಕ್ತ ಎಡಕ್ಕೆ, ಮೈಯಿಂದ ಬಂದ ರಕ್ತ ಬಲಕ್ಕೆ, ಎರಡೂ ಕೆಳಗಿನ ಒಂದೇ ಕೋಣೆಗೆ ಇಳಿಯುತ್ತವೆ. ಪುಸ್ತಕಗಳು ಇದನ್ನು ‘ಮಿಶ್ರ ರಕ್ತ, ಅಪೂರ್ಣ ಹೃದಯ’ ಅನ್ನುತ್ತವೆ. ಆದರೆ ಕಪ್ಪೆಯಲ್ಲಿ ಶ್ವಾಸಕೋಶಕ್ಕೆ ಹೋಗುವ ರಕ್ತನಾಳ ನಡುವೆ ಕವಲೊಡೆದು ಇನ್ನೊಂದು ಕವಲನ್ನು ಚರ್ಮಕ್ಕೆ ಕಳಿಸುತ್ತದೆ. ಚರ್ಮದಲ್ಲಿ ಆಮ್ಲಜನಕ ಹೀರಿದ ರಕ್ತ ಬಂದು ಸೇರುವುದು ಬಲ ಹೃತ್ಕರ್ಣಕ್ಕೆ! ಅಂದರೆ ‘ಕೆಟ್ಟ ರಕ್ತ’ದ ಬದಿಗೇ ಒಳ್ಳೆ ರಕ್ತವೂ ಬರುತ್ತದೆ. ಕಪ್ಪೆ ಕೆರೆಯ ತಳದಲ್ಲಿ ಮುಳುಗಿ ಕೂತಾಗ ಶ್ವಾಸಕೋಶದಿಂದ ಹೊಸದಾಗಿ ಏನೂ ಬರುವುದಿಲ್ಲ, ಚರ್ಮದಿಂದ ಬಂದದ್ದೇ ಗತಿ. ಆಗ ನಡುವೆ ಪೂರ್ತಿ ಗೋಡೆ ಇದ್ದಿದ್ದರೆ ಆ ಆಮ್ಲಜನಕ ಮೈಗೆ ಹೋಗದೆ ಸುಮ್ನೆ ಮತ್ತೆ ಶ್ವಾಸಕೋಶಕ್ಕೂ ಚರ್ಮಕ್ಕೂ ಸುತ್ತುತ್ತಿತ್ತು. ಗೋಡೆ ಇಲ್ಲದಿರುವುದೇ ಇಲ್ಲಿ ಅನುಕೂಲ. ಮೇಲೆ ಗಾಳಿಯಲ್ಲಿ ಇದ್ದಾಗಲೂ ಎರಡು ರಕ್ತ ಪೂರ್ತಿ ಕಲಸಿಹೋಗುವುದಿಲ್ಲ, ಹೊರಡುವ ನಾಳದ ಸುರುಳಿ ಕವಾಟ ಒಂದಿಷ್ಟು ಬೇರ್ಪಡಿಸಿ ಕಳಿಸುತ್ತದೆ.

ಇಂಥ ಚರ್ಮ ಇಟ್ಟುಕೊಂಡವರಿಗೆ ಅಪಾಯವೂ ಅಲ್ಲಿಂದಲೇ ಬರುತ್ತದೆ. ಕೈಟ್ರಿಡ್ ಎಂಬ ಶಿಲೀಂಧ್ರ ಜಗತ್ತಿನ 500ಕ್ಕೂ ಹೆಚ್ಚು ಉಭಯವಾಸಿ ಜಾತಿಗಳ ಸಂಖ್ಯೆ ಕುಸಿಯಲು ಕಾರಣವಾಗಿದೆ. ಅದು ತಗಲುವುದು ಚರ್ಮಕ್ಕೆ ಮಾತ್ರ. ಒಳಗಿನ ಯಾವ ಅಂಗಕ್ಕೂ ಹೋಗುವುದಿಲ್ಲ. ಹಾಗಿದ್ದರೂ ಕಪ್ಪೆ ಸಾಯುವುದು ಯಾಕೆ? ಆಸ್ಟ್ರೇಲಿಯಾದ ಹಸಿರು ಮರಗಪ್ಪೆಗಳ ಮೇಲೆ ನಡೆದ ಅಧ್ಯಯನವೊಂದು 2009ರಲ್ಲಿ ಇದನ್ನು ಬಿಡಿಸಿತು. ಚರ್ಮ ಉಪ್ಪಿನಂಶವನ್ನು ಒಳಗೆ ಎಳೆದುಕೊಳ್ಳುವುದು ನಿಂತುಹೋಗುತ್ತದೆ, ರಕ್ತದಲ್ಲಿ ಸೋಡಿಯಂ ಸುಮಾರು ಶೇ 20, ಪೊಟ್ಯಾಷಿಯಂ ಸುಮಾರು ಶೇ 50 ಇಳಿಯುತ್ತದೆ, ಆಮೇಲೆ ಹೃದಯ ನಿಲ್ಲುತ್ತದೆ. ಚರ್ಮದ ಕಾಯಿಲೆ, ಹೃದಯ ನಿಂತು ಸಾವು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ಒದ್ದೆ ಚರ್ಮ ಬಿಟ್ಟು ದೂರ ಹೋಗಲು ಕಪ್ಪೆಗಳೂ ಕೆಲವು ಉಪಾಯ ಮಾಡಿಕೊಂಡಿವೆ. ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡು ಕೂರುವ ಕಂದು ಮರಗಪ್ಪೆ ನಿಮ್ಮ ಕಡೆಯೂ ಇರುತ್ತದೆ. ಅದು ಚರ್ಮದಿಂದ ಜಿಡ್ಡಿನ ದ್ರವ ಸುರಿಸಿ, ಕೈಕಾಲುಗಳಿಂದ ತಲೆ, ಬೆನ್ನು, ಪಕ್ಕೆಗೆಲ್ಲ ನಿಧಾನಕ್ಕೆ ಸವರಿಕೊಳ್ಳುತ್ತದೆ. ಎಣ್ಣೆ ಹಚ್ಚಿಕೊಂಡ ಮೇಲೆ ಮೈ ಮುದುಡಿ ಕೂತರೆ ನೀರು ಬೇಗ ಆರುವುದಿಲ್ಲ.

ಜಿಡ್ಡಿನ ಮಾತು ಬಂತಲ್ಲ, ಸರೀಸೃಪಗಳ ವಿಷಯದಲ್ಲಿ ಒಂದು ತಪ್ಪು ನಂಬಿಕೆ ತಿದ್ದಬೇಕು. ಹಾವಿನ ಹುರುಪೆ ನೀರು ಆರದಂತೆ ತಡೆಯುತ್ತದೆ ಎಂದು ಎಲ್ಲೆಡೆ ಬರೆದಿರುತ್ತಾರೆ. 1972ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರಿಗೆ ಹುಟ್ಟಿನಿಂದಲೇ ಹುರುಪೆ ಇಲ್ಲದ ಒಂದು ಹಾವು ಸಿಕ್ಕಿತು. ಅದೇ ಜಾತಿಯ ಮಾಮೂಲಿ ಹಾವಿನ ಜೊತೆ ಹೋಲಿಸಿದರು. ಚರ್ಮದಿಂದ ಆರಿಹೋಗುವ ನೀರಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನೀರು ತಡೆಯುವುದು ಹೊರಚರ್ಮದ ಪದರಗಳ ನಡುವೆ ಇರುವ ಜಿಡ್ಡು. ಹುರುಪೆಯ ಕೆಲಸ ಮೈಯನ್ನು ತರಚದಂತೆ ಕಾಯುವುದು, ಹಾವಿಗಂತೂ ನೆಲ ಹಿಡಿದು ಸಾಗುವುದು.

ಏನೇ ಇರಲಿ, ನೀರು ತಡೆಯುವ ಚರ್ಮ ಗಾಳಿಯನ್ನೂ ಹೆಚ್ಚುಕಡಿಮೆ ತಡೆಯುತ್ತದೆ. ಅಲ್ಲಿಗೆ ಉಸಿರಾಟದ ಪೂರ್ತಿ ಹೊಣೆ ಶ್ವಾಸಕೋಶಕ್ಕೆ ಬಂತು. ಪಕ್ಕೆಲುಬುಗಳು ಹಿಗ್ಗಿ ಕುಗ್ಗಿ ಗಾಳಿ ಎಳೆಯಲು ಶುರು ಮಾಡಿದವು. ಆದರೆ ಹಲ್ಲಿ, ಓತಿಗಳಲ್ಲಿ ಅದೇ ಪಕ್ಕೆಯ ಸ್ನಾಯುಗಳೇ ಮೈ ಬಳುಕಿಸಿ ಓಡಲೂ ಬೇಕು. ಬೇಲಿಯ ಮೇಲಿನ ಓತಿ ಸರ್ರನೆ ಓಡಿ ಥಟ್ಟನೆ ನಿಲ್ಲುತ್ತದಲ್ವಾ, ಉಸಿರಿಗಾಗಿ ನಿಲ್ಲುವುದೂ ಅದಕ್ಕೊಂದು ಕಾರಣ. ಉಡ ಮಾತ್ರ ಗಂಟಲಿನಿಂದಲೂ ಗಾಳಿ ತಳ್ಳಿಕೊಂಡು ಓಟ ಮುಂದುವರಿಸುತ್ತದೆ. ಆಮೆಯ ಪಾಡು ಬೇರೆ. ಅದರ ಪಕ್ಕೆಲುಬುಗಳೇ ಬೆನ್ನುಚಿಪ್ಪಾಗಿ ಬೆಸೆದುಹೋಗಿವೆ, ಅಲುಗಾಡುವುದೇ ಇಲ್ಲ. ಹಾಗಾಗಿ ಹೊಟ್ಟೆಯ ಸ್ನಾಯುಗಳು ಒಳಗಿನ ಅಂಗಗಳನ್ನು ಹಿಂದೆ ಮುಂದೆ ಎಳೆದು ಉಸಿರಾಡಿಸುತ್ತವೆ. ಹೊದಿಕೆ ಬದಲಾದದ್ದಕ್ಕೆ ಉಸಿರಾಟವನ್ನೇ ಬದಲಿಸಿಕೊಳ್ಳಬೇಕಾಯಿತು.

ಮೂತ್ರಪಿಂಡದ ಕಥೆಯೂ ಇಲ್ಲೇ ಬರುತ್ತದೆ. ಇದಕ್ಕೆ ಗೋಡೆಯ ಮೇಲಿನ ಹಲ್ಲಿ ಸಾಕು. ಅದರ ಹಿಕ್ಕೆಯ ತುದಿಯಲ್ಲಿ ಒಂದು ಬಿಳಿ ಚುಕ್ಕೆ ಇರುತ್ತದೆ. ಅದು ಮೂತ್ರ. ಕೋಳಿ ಹಿಕ್ಕೆಯ ಬಿಳಿ ಭಾಗವೂ ಅದೇ, ಯೂರಿಕ್ ಆಮ್ಲ. ಹೆಚ್ಚಿನ ಮೀನುಗಳು ಮೈಯ ಕಸವನ್ನು ಅಮೋನಿಯಾ ಆಗಿಯೇ ನೀರಿಗೆ ಬಿಡುತ್ತವೆ, ಅದು ವಿಷ, ಆದರೆ ಸುತ್ತ ಬೇಕಾದಷ್ಟು ನೀರಿದೆ. ಗೊದಮೊಟ್ಟೆಯೂ ಅಮೋನಿಯಾ ಬಿಡುತ್ತದೆ, ಕಪ್ಪೆಯಾದ ಮೇಲೆ ಯೂರಿಯಾಕ್ಕೆ ಬದಲಾಗುತ್ತದೆ. ಒಂದೇ ಪ್ರಾಣಿ, ಮನೆ ಬದಲಾದ ಹಾಗೆ ಮೂತ್ರವೂ ಬದಲು. ಹಲ್ಲಿ, ಹಾವು, ಹಕ್ಕಿಗಳು ಹೆಚ್ಚುಕಡಿಮೆ ನೀರೇ ಖರ್ಚಾಗದ ಯೂರಿಕ್ ಆಮ್ಲಕ್ಕೆ ಇಳಿದಿವೆ. ಚರ್ಮದಲ್ಲಿ ಇಷ್ಟು ಜೋಪಾನವಾಗಿ ಉಳಿಸಿದ ನೀರನ್ನು ಮೂತ್ರದಲ್ಲಿ ಚೆಲ್ಲಿದರೆ ಏನು ಬಂತು?

ಈಗ ಮೊಸಳೆ. ರಂಗನತಿಟ್ಟಿನಲ್ಲೋ ದಾಂಡೇಲಿಯ ಕಾಳಿ ನದಿಯಲ್ಲೋ ಬಂಡೆ ಮೇಲೆ ಬಾಯಿ ತೆರೆದು ಮಲಗಿರುವುದನ್ನು ನೋಡಿದರೆ ದೊಡ್ಡ ಹಲ್ಲಿ ಅನ್ನಿಸುತ್ತದೆ. ಆದರೆ ಮೊಸಳೆಗೆ ಹತ್ತಿರದ ಬಂಧು ಹಲ್ಲಿಯಲ್ಲ, ಹಕ್ಕಿ! ಇದನ್ನು ಒಪ್ಪಿಕೊಂಡರೆ ಕೋಷ್ಟಕದ ‘ಮೊಸಳೆಗೆ ಮಾತ್ರ’ ಎಂಬ ಮಾತು ಅಪವಾದ ಅನ್ನಿಸುವುದಿಲ್ಲ. ಮೊಸಳೆಯ ಶ್ವಾಸಕೋಶದಲ್ಲೂ ಹಕ್ಕಿಯ ಹಾಗೆ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಈಗಿನ ಮೊಸಳೆಗಳ ಪೂರ್ವಜರಲ್ಲಿ ಕೆಲವು ನೆಲದ ಮೇಲೆ ಚುರುಕಾಗಿ ಓಡಾಡುತ್ತಿದ್ದವು. ನಾಲ್ಕು ಕೋಣೆ ಆ ಕಾಲದಿಂದ ಬಂದ ಆಸ್ತಿ ಎಂಬುದು ಹಲವರ ಅಭಿಪ್ರಾಯ, ನನಗೂ ಅದೇ ಸರಿ ಕಾಣುತ್ತದೆ.

ಆಮೇಲೆ ನೀರಿನಲ್ಲಿ ಹೊಂಚುಹಾಕುವ ಬದುಕು ಹಿಡಿದ ಮೊಸಳೆ ಈ ಹೃದಯಕ್ಕೆ ಒಂದು ಒಳದಾರಿ ಇಟ್ಟುಕೊಂಡಿತು. ನಮ್ಮ ಹೃದಯದಲ್ಲಿ ಮೈಗೆ ರಕ್ತ ಒಯ್ಯುವ ದೊಡ್ಡ ನಾಳ, ಅಂದರೆ ಮಹಾಪಧಮನಿ, ಎಡ ಕೋಣೆಯಿಂದ ಮಾತ್ರ ಹೊರಡುತ್ತದೆ. ಮೊಸಳೆಗೆ ಎರಡು ಮಹಾಪಧಮನಿ, ಒಂದು ಬಲ ಕೋಣೆಯಿಂದಲೇ ಹೊರಡುತ್ತದೆ, ಎರಡರ ನಡುವೆ ಪನಿಝಾ ರಂಧ್ರ ಎಂಬ ಸಣ್ಣ ಕಿಂಡಿ. ಮುಳುಗಿ ಉಸಿರು ಹಿಡಿದಾಗ ಶ್ವಾಸಕೋಶಕ್ಕೆ ಹೋಗುವ ದಾರಿಯ ಕವಾಟ ಬಿಗಿಯಾಗುತ್ತದೆ, ಆ ರಕ್ತ ಶ್ವಾಸಕೋಶದ ಗೊಡವೆ ಬಿಟ್ಟು ನೇರ ಮೈಗೆ ಹೋಗುತ್ತದೆ. ಗಾಳಿಯೇ ಇಲ್ಲದ ಶ್ವಾಸಕೋಶಕ್ಕೆ ರಕ್ತ ಕಳಿಸಿ ಏನು ಪ್ರಯೋಜನ, ಅಲ್ವಾ? ಹೀಗೆ ತಿರುಗಿದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ. ಅದು ಹೊಟ್ಟೆಗೆ ಹೋದಾಗ ಜಠರದ ಆಮ್ಲ ಮಾಡಲು ಒದಗುತ್ತದೆ, ಎಲುಬು ಸಮೇತ ನುಂಗಿದ ಬೇಟೆ ಕರಗುತ್ತದೆ. ಮೊಸಳೆಯ ಬೆನ್ನಿನ ಹೊದಿಕೆಯೂ ಎರಡು ಬಗೆಯದು: ಮೇಲೆ ಕೆರಾಟಿನ್ ಹುರುಪೆ, ಅದರಡಿ ಒಳಚರ್ಮದಲ್ಲಿ ನಿಜವಾದ ಎಲುಬಿನ ಬಿಲ್ಲೆಗಳು.

ಹಕ್ಕಿಗೆ ಬಂದರೆ ಲೆಕ್ಕ ತಿರುಗುತ್ತದೆ. ಗರಿಯ ಮೊದಲ ಲಾಭ ಬಿಸಿ ಹಿಡಿಯುವುದು, ಹಾರಾಟ ಆಮೇಲಿನದು. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮಗೆ ಅದು ಜೋರು ಜ್ವರ. ಗರಿ ಬಿಸಿಯನ್ನು ಹಿಡಿದಿಡಬಲ್ಲದು, ಹುಟ್ಟಿಸಲಾರದು. ಹುಟ್ಟಿಸಲು ತಿಂದದ್ದನ್ನು ಸುಡಬೇಕು, ಸುಡಲು ಆಮ್ಲಜನಕ ಬೇಕು, ಅದೂ ಬಿಡುವಿಲ್ಲದೆ. ಇಲ್ಲಿ ರಕ್ತ ಮಿಶ್ರವಾದರೆ ನಡೆಯುವುದಿಲ್ಲ. ಗಟ್ಟಿ ಗೋಡೆಯ ನಾಲ್ಕು ಕೋಣೆ ಬೇಕೇಬೇಕು. ಮೈಗೆ ರಭಸದಿಂದ, ಶ್ವಾಸಕೋಶದ ಸೂಕ್ಷ್ಮ ನಾಳಗಳಿಗೆ ಮೆಲ್ಲಗೆ, ಹೀಗೆ ಎರಡು ಬೇರೆ ಒತ್ತಡದಲ್ಲಿ ತಳ್ಳಲೂ ಆ ಗೋಡೆ ಬೇಕು.

ಮನೆಯಲ್ಲಿ ಇಡೀ ಕೋಳಿ ತಂದು ಸ್ವಚ್ಛ ಮಾಡುವವರಾದರೆ ಮಗನನ್ನು ಪಕ್ಕಕ್ಕೆ ಕರೆಯಿರಿ. ಕುರಿಯ ಶ್ವಾಸಕೋಶ ದೊಡ್ಡ ಚೀಲದಂತೆ ಎದೆಯಿಂದ ಹೊರಗೆ ಬರುತ್ತದೆ. ಕೋಳಿಯದ್ದು ಹಾಗಲ್ಲ. ತಿಳಿಗುಲಾಬಿ ಬಣ್ಣದ ಎರಡು ಸಣ್ಣ ತುಂಡು, ಬೆನ್ನಿನ ಕಡೆ ಪಕ್ಕೆಲುಬುಗಳ ಸಂದಿಗೆ ಅಂಟಿಕೊಂಡಿರುತ್ತವೆ. ಬೆರಳು ಹಾಕಿ ಕೆದಕಿ ತೆಗೆಯಬೇಕು. ಹೊರತೆಗೆದ ಮೇಲೆ ಪಕ್ಕೆಲುಬಿನ ಅಚ್ಚು ಅದರ ಮೇಲೆ ಆಳವಾಗಿ ಬಿದ್ದಿರುತ್ತದೆ. ಈ ಶ್ವಾಸಕೋಶ ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ. ಗಾಳಿ ತುಂಬಿ ಹಿಗ್ಗುವುದು ಅದಕ್ಕೆ ಹೊಂದಿಕೊಂಡ ತೆಳು ಗಾಳಿಚೀಲಗಳು, ಸಾಮಾನ್ಯವಾಗಿ 9. ಎಳೆದ ಗಾಳಿಯಲ್ಲಿ ಬಹುಪಾಲು ಮೊದಲು ಹಿಂದಿನ ಚೀಲಗಳಿಗೆ, ಅಲ್ಲಿಂದ ಶ್ವಾಸಕೋಶಕ್ಕೆ, ಆಮೇಲೆ ಮುಂದಿನ ಚೀಲಗಳಿಗೆ, ಆಮೇಲೆ ಹೊರಗೆ. ಒಂದು ಗುಟುಕು ಗಾಳಿ ಹೀಗೆ ಪೂರ್ತಿ ದಾಟಲು ಎರಡು ಉಸಿರು ಬೇಕು. ಹಕ್ಕಿ ಉಸಿರು ಎಳೆಯುವಾಗಲೂ ಬಿಡುವಾಗಲೂ ಶ್ವಾಸಕೋಶದಲ್ಲಿ ಹೊಸ ಗಾಳಿಯೇ ಇರುತ್ತದೆ. ನಮ್ಮಲ್ಲಿ ಬಂದ ದಾರಿಯಲ್ಲೇ ಹಳೆ ಗಾಳಿ ವಾಪಸ್ ಹೋಗಬೇಕು.

ಇದರಿಂದ ಏನು ಸಾಧ್ಯವಾಗುತ್ತದೆ ಅಂತ ನೋಡಬೇಕಿದ್ದರೆ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಬಾರ್ ಹೆಡೆಡ್ ಗೂಸ್ ಎಂದು ಹೆಸರಾದ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಇಳಿದಿರುತ್ತವೆ. ಬರುವುದು ಹಿಮಾಲಯ ದಾಟಿ. ಮೈಗೆ ಉಪಕರಣ ಕಟ್ಟಿ ಹಿಂಬಾಲಿಸಿದಾಗ 7,290 ಮೀಟರ್ ಎತ್ತರದವರೆಗೆ ಹಾರಿದ ದಾಖಲೆ ಇದೆ. ಅಲ್ಲಿ ಆಮ್ಲಜನಕ ಇಲ್ಲಿನ ಅರ್ಧದಷ್ಟೂ ಇರುವುದಿಲ್ಲ.

ಗರಿಗೆ ಒಂದು ತೊಡಕೂ ಇದೆ. ಹಕ್ಕಿ ಬೆವರಲಾರದು, ಬೆವರು ಗ್ರಂಥಿ ಇಲ್ಲ. ಏಪ್ರಿಲ್ ಬಿಸಿಲಿಗೆ ಕೋಳಿಗಳು ರೆಕ್ಕೆ ಸಡಿಲಿಸಿ ಕೊಕ್ಕು ತೆರೆದು ಏದುಸಿರು ಬಿಡುತ್ತವೆ. ಚರ್ಮ ಮಾಡದ ಕೆಲಸವನ್ನು ಗಂಟಲು, ಶ್ವಾಸಕೋಶ ಮಾಡುತ್ತಿವೆ. ಕೋಳಿ ಫಾರಂ ನಡೆಸುವವರನ್ನು ಕೇಳಿ, ಬಿಸಿಗಾಳಿ ಎದ್ದ ದಿನ ಎಷ್ಟು ಕೋಳಿ ಸಾಯುತ್ತವೆ ಎಂದು ಹೇಳುತ್ತಾರೆ.

ಸಸ್ತನಿಗಳಲ್ಲಿ ಕೂದಲೂ ಬಿಸಿ ಹಿಡಿಯುವ ಹೊದಿಕೆಯೇ. ನಾಲ್ಕು ಕೋಣೆಯೂ ಅದೇ ಕಾರಣಕ್ಕೆ. ಆದರೆ ಹಕ್ಕಿಗಳಿಂದ ಕಡ ತಂದದ್ದಲ್ಲ. ಹಕ್ಕಿಯ ಮಹಾಪಧಮನಿ ಬಲಕ್ಕೆ ಬಾಗುತ್ತದೆ, ನಮ್ಮದು ಎಡಕ್ಕೆ. ಎರಡು ವಂಶಗಳು ಬೇರೆಬೇರೆ ದಾರಿಯಲ್ಲಿ ಒಂದೇ ಜಾಗಕ್ಕೆ ಬಂದಿವೆ. ಸ್ನಾಯುವಿನ ವಪೆ ಇರುವುದು ಸಸ್ತನಿಗಳಿಗೆ ಮಾತ್ರ.

ನಮ್ಮ ಹೊಸ ಸಂಗತಿ ಅಂದರೆ ಗ್ರಂಥಿಗಳು ತುಂಬಿದ ಚರ್ಮ. ಹಾಲು ಬರುವುದೂ ಚರ್ಮದ ಗ್ರಂಥಿಗಳಿಂದಲೇ. ಬೆವರಿನ ವಿಷಯದಲ್ಲಿ ಎಲ್ಲರೂ ಸಮ ಅಲ್ಲ. ಎಮ್ಮೆಗೆ ಹಸುವಿಗಿಂತ ಬೆವರು ಗ್ರಂಥಿ ತೀರಾ ಕಡಿಮೆ, ಕೂದಲು ವಿರಳ, ಬಣ್ಣ ಕಪ್ಪು. ಅದಕ್ಕೇ ಮಧ್ಯಾಹ್ನ ಆದರೆ ಕೆರೆಗೆ ಇಳಿದು ಕೂರುತ್ತದೆ, ಮೈಗೆ ಕೆಸರು ಬಳಿದುಕೊಳ್ಳುತ್ತದೆ. ಮನುಷ್ಯ ಇನ್ನೊಂದು ತುದಿ. ಕೂದಲು ಸಣ್ಣದಾಗಿ, 20ರಿಂದ 40 ಲಕ್ಷ ಬೆವರು ಗ್ರಂಥಿ ಇಟ್ಟುಕೊಂಡಿದ್ದಾನೆ. ಇದರ ಖರ್ಚು ಹೃದಯದ್ದು. ಆರಾಮಾಗಿ ಕೂತಾಗ ಚರ್ಮಕ್ಕೆ ನಿಮಿಷಕ್ಕೆ ಹರಿಯುವ ರಕ್ತ ಕಾಲು ಲೀಟರಿನಿಂದ ಅರ್ಧ ಲೀಟರ್. ಕಡು ಸೆಕೆಯಲ್ಲಿ ಅದು 6ರಿಂದ 8 ಲೀಟರಿಗೆ ಏರಬಹುದು. ಸುಮ್ಮನೆ ಕೂತಾಗ ಇಡೀ ಹೃದಯ ನಿಮಿಷಕ್ಕೆ ತಳ್ಳುವುದೇ ಸುಮಾರು 5 ಲೀಟರ್! ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಹೃದಯದ ತೊಂದರೆ ಇರುವ ಹಿರಿಯರು ಮಧ್ಯಾಹ್ನ ಹೊರಗೆ ಹೋಗಬಾರದು ಅನ್ನುವುದು ಇದಕ್ಕೇ.

ತಿಮಿಂಗಿಲದ ಬಗ್ಗೆ ಮಗ ಕೇಳಿಯೇ ಕೇಳುತ್ತಾನೆ. ಕೂದಲನ್ನು ಹೆಚ್ಚುಕಡಿಮೆ ಕಳಕೊಂಡು, ಚರ್ಮದಡಿ ದಪ್ಪ ಕೊಬ್ಬಿನ ಪದರ ಕಟ್ಟಿಕೊಂಡಿದೆ. ಬಿಸಿ ಹಿಡಿಯುವ ಕೆಲಸ ಕೊಬ್ಬಿಗೆ ಹೋಯಿತು, ಶ್ವಾಸಕೋಶ, ವಪೆ, ನಾಲ್ಕು ಕೋಣೆ ಎಲ್ಲ ಹಾಗೇ ಉಳಿದವು.

ಇನ್ನು ಪರೀಕ್ಷೆ. ಮೊಸಳೆ ಬಂದರೆ ‘ನಾಲ್ಕು ಕೋಣೆ’ ಎಂದು ಬರೆದು, ಪನಿಝಾ ರಂಧ್ರದ ಬಗ್ಗೆ ಒಂದು ಸಾಲು ಸೇರಿಸಲಿ. ಹಾವು, ಹಲ್ಲಿ, ಆಮೆಗೆ ಬರಿ ‘ಮೂರು ಕೋಣೆ’ ಬೇಡ, ‘ಮೂರು ಕೋಣೆ, ಹೃತ್ಕುಕ್ಷಿಯಲ್ಲಿ ಅರ್ಧ ಗೋಡೆ’ ಎಂದು ಬರೆಯಲಿ. ಕಪ್ಪೆಗೆ ‘ಚರ್ಮದಿಂದಲೂ ಉಸಿರಾಟ’ ಎಂಬುದನ್ನು ಹೃದಯದ ಸಾಲಿನಲ್ಲೇ ಬರೆಯಲಿ. ಚಿಪ್ಪುಹಂದಿ ಕೇಳಿದರೆ ‘ಚಿಪ್ಪು ಕೆರಾಟಿನ್, ಮೈಯಲ್ಲಿ ಕೂದಲಿದೆ, ಹಾಲೂಡಿಸುತ್ತದೆ’ ಇಷ್ಟೇ ಸಾಕು, ಪೂರ್ತಿ ಅಂಕ ಬರುತ್ತದೆ.